ಮಲಹರಿಗೆ ಕೀ ಸಿಗ್ನೇಚರ್ ಏನು ಹಾಕ್ತೀರಿ? ಎರಡು ಫ್ಲಾಟ್, ಎರಡು ಶಾರ್ಪ್ ಹಾಕಿ ಪೇಚಿಗೆ ಸಿಕ್ಕಿದ್ದೇನೆ

ಅರ್ಧ ಪಿಟೀಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಒಂದು ಪಿಳ್ಳಾರಿ ಗೀತೆ ನುಡಿಸೋಣ ಅಂತ ಹೊರಟೆ. ಮಲಹರಿ ರಾಗ, ಎಲ್ಲರೂ ಮೊದಲು ಕಲಿಯೋ ಆ ಗಣಪತಿ ಗೀತೆ. ನಾಲ್ಕು ಮಕ್ಕಳ ವಯೊಲಿನ್, ಒಂದು ಚೆಲ್ಲೊ, ಜೊತೆಗೆ ಮೂರನೇ ಮಹಡಿಯ ಅಂಕಲ್ ಕ್ಲಾರಿನೆಟ್. ಎಲ್ಲರೂ ವೆಸ್ಟರ್ನ್ ಕಲಿತವರು. ಸರಿಗಮ ಬರೆದುಕೊಟ್ಟರೆ ಮುಖ ಮುಖ ನೋಡ್ತಾರೆ. ಹಾಗಾಗಿ ಸ್ಟಾಫ್ ನೊಟೇಶನ್‌ನಲ್ಲೇ, ಅಂದ್ರೆ ವೆಸ್ಟರ್ನ್‌ನವರ ಐದು ಗೆರೆಯ ಲಿಪಿಯಲ್ಲೇ ಬರೆಯಬೇಕಾಯಿತು. ಅದರಲ್ಲಿ ಸ್ವರವನ್ನ ಅರ್ಧ ಏರಿಸೋ ಗುರುತು ಶಾರ್ಪ್, ಅರ್ಧ ಇಳಿಸೋದು ಫ್ಲಾಟ್; ಸಾಲಿನ ತಲೆಯಲ್ಲೇ ಒಟ್ಟಿಗೆ ಹಾಕಿಡೋ ಆ ಗುರುತುಗಳೇ ಕೀ ಸಿಗ್ನೇಚರ್.

ಡಿ ಸ್ವರವನ್ನೇ ಷಡ್ಜ ಅಂತ ಇಟ್ಟುಕೊಂಡೆ, ವಯೊಲಿನ್‌ನಲ್ಲಿ ಖಾಲಿ ತಂತಿ ಸಿಗುತ್ತಲ್ಲ. ಮಲಹರಿ ಮಾಯಾಮಾಳವಗೌಳ ಅನ್ನೋ ಮೇಳದ (ತಾಯಿ ರಾಗದ) ಜನ್ಯ ತಾನೇ, ಮೇಳದ ಸ್ವರಗಳನ್ನೆಲ್ಲ ಸಾಲಿನ ತಲೆಗೆ ಹಾಕಿಬಿಟ್ಟರೆ ಮುಗೀತು ಅಂದುಕೊಂಡು ಬಿ ಫ್ಲಾಟ್, ಇ ಫ್ಲಾಟ್, ಅದರ ಪಕ್ಕದಲ್ಲೇ ಎಫ್ ಶಾರ್ಪ್, ಸಿ ಶಾರ್ಪ್ ಹಾಕಿದೆ. ಲೆಕ್ಕವೇನೋ ಸರಿಯಾಗಿದೆ: ಡಿ, ಇ ಫ್ಲಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲಾಟ್, ಸಿ ಶಾರ್ಪ್. ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳುತ್ತೆ, ಅದಕ್ಕೆ ಒಂದು ಸ್ವರ ಮೇಲೆತ್ತಿ ಬರೆಯಬೇಕಲ್ಲ, ಅದನ್ನೂ ಕೈಯಲ್ಲೇ ಮಾಡಿದೆ. ಅವರ ಹಾಳೆಗೆ ಬಂದದ್ದು ಜಿ ಶಾರ್ಪ್, ಡಿ ಶಾರ್ಪ್ ಎರಡೇ.

ಭಾನುವಾರ ಮೊದಲ ಪ್ರಾಕ್ಟೀಸ್. ಮಕ್ಕಳು ತಡವರಿಸಿಕೊಂಡು ನುಡಿಸಿದರು, ಪರವಾಗಿಲ್ಲ. ಅಂಕಲ್ ಮಾತ್ರ ಒಂದು ಚೂರೂ ತಡವರಿಸದೆ, ತುಂಬು ಧೈರ್ಯದಿಂದ, ಪೂರ್ತಿ ತಪ್ಪು ನುಡಿಸಿದರು. ಎರಡು ಶಾರ್ಪ್ ಕಂಡಿದ್ದೇ ತಡ, ಎಫ್ ಮತ್ತು ಸಿ ಅಂತ ಕೈ ತಾನಾಗಿ ಹೋಗಿದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ, ಮಕ್ಕಳು ಮಲಹರಿ ನುಡಿಸ್ತಿದ್ದಾರೆ, ಇವರು ಖರಹರಪ್ರಿಯ ನುಡಿಸ್ತಿದ್ದಾರೆ ಅಂದರು.

ಈಗ ನನ್ನ ಪ್ರಶ್ನೆ. ಇಂಥ ಕೀ ಸಿಗ್ನೇಚರ್ ಬರೆಯೋದೇ ತಪ್ಪಾ? ಅಥವಾ ಓದುವವರು ಅಭ್ಯಾಸ ಮಾಡ್ಕೋಬೇಕಾ?

ಏಳು ಶಾರ್ಪ್:

ತಪ್ಪು ಅಂತೇನಿಲ್ಲ, ಆದರೆ ಅಂಕಲ್ ಮೇಲೆ ಹಾಕಬೇಡಿ. ಅವರು ಓದಲಿಲ್ಲ, ಎಣಿಸಿದರು. ವೆಸ್ಟರ್ನ್ ಕಲಿತ ಎಲ್ಲರೂ ಎಣಿಸೋದೇ.

ಶಾರ್ಪ್‌ಗಳು ಬರೋ ಸರದಿ ಒಂದೇ: ಎಫ್, ಸಿ, ಜಿ, ಡಿ, ಎ, ಇ, ಬಿ. ಫ್ಲಾಟ್‌ಗಳು ಅದೇ ಸರದಿಯನ್ನು ಹಿಂದಿನಿಂದ. ಷಡ್ಜವನ್ನು ಒಂದೊಂದು ಪಂಚಮ ಸರಿಸಿದಂತೆ ಒಂದೊಂದು ಸೇರುತ್ತದೆ. ಏನೂ ಇಲ್ಲದ್ದು ಒಂದು, ಶಾರ್ಪ್ ಏಳು, ಫ್ಲಾಟ್ ಏಳು, ಒಟ್ಟು 15 ಸಿಗ್ನೇಚರ್. ಅಷ್ಟೇ ಪ್ರಪಂಚ. ಮೂರು ಶಾರ್ಪ್ ಕಂಡರೆ ಯಾವ ಗೆರೆಯ ಮೇಲಿದೆ ಅಂತ ಯಾರೂ ನೋಡೋದಿಲ್ಲ, ಮೂರು ಅಂತ ಎಣಿಸಿ ಮುಂದೆ ಹೋಗ್ತಾರೆ. ನೀವು ಕೊಟ್ಟಿದ್ದು 3ನೇ ಮತ್ತು 4ನೇ ಶಾರ್ಪ್, 1 ಮತ್ತು 2 ಇಲ್ಲ. ಸಿಟಿ ಬಸ್ ಮೊದಲ ಎರಡು ಸ್ಟಾಪ್ ಬಿಟ್ಟು ಮೂರನೇ ಸ್ಟಾಪ್‌ನಿಂದ ಹೊರಟ ಹಾಗೆ.

ನಿಮ್ಮ ವಯೊಲಿನ್ ಹಾಳೆ ಬಚಾವಾಗಿದ್ದು ಯಾಕೆ ಗೊತ್ತಾ? ಅದರಲ್ಲಿ ಫ್ಲಾಟ್, ಶಾರ್ಪ್ ಎರಡೂ ಇತ್ತು. ಕಂಡ ಕೂಡಲೇ ಏನೋ ಬೇರೆ ಇದೆ ಅಂತ ಕಣ್ಣು ನಿಂತುಬಿಡುತ್ತೆ. ಕ್ಲಾರಿನೆಟ್ ಹಾಳೆ ನೋಡೋಕೆ ಮಾಮೂಲಿ ಥರಾನೇ ಇತ್ತು. ಅದೇ ಅಪಾಯ.

ಸರಳೆ ಸುಬ್ಬಿ:

ನನಗೆ ನಗು ಬಂತು. ನಮ್ಮಲ್ಲಿ ಮೊದಲ ದಿನ, ಚಾಪೆ ಹಾಸಿ ಕೂತು ಸರಳೆ ವರಸೆ ಶುರು ಮಾಡೋದೇ ಮಾಯಾಮಾಳವಗೌಳದಲ್ಲಿ. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಹೇಳ್ತಾರೆ. ವೆಸ್ಟರ್ನ್ ಪದ್ಧತಿಯಲ್ಲಿ ಅದಕ್ಕೊಂದು ಮಾಮೂಲಿ ಸಿಗ್ನೇಚರೇ ಇಲ್ಲ.

ಕೂತು ಲೆಕ್ಕ ಹಾಕಿದೆ. 72 ಮೇಳಕರ್ತದಲ್ಲಿ ಮಾಮೂಲಿ ಸಿಗ್ನೇಚರ್ ಒಳಗೆ ಕೂರೋದು ಆರೇ ಆರು: ತೋಡಿ (8ನೇ ಮೇಳ), ನಟಭೈರವಿ (20), ಖರಹರಪ್ರಿಯ (22), ಹರಿಕಾಂಭೋಜಿ (28), ಶಂಕರಾಭರಣ (29), ಕಲ್ಯಾಣಿ (65). ಉಳಿದ 66 ಮೇಳಕ್ಕೂ ಏನಾದರೂ ಚಮತ್ಕಾರ ಮಾಡಲೇಬೇಕು. 40 ವಿವಾದಿ ಮೇಳ (ಪಕ್ಕದ ಸ್ವರಗಳು ತೀರಾ ಒತ್ತಿ ಕೂತಿರೋವು) ಬದಿಗಿಟ್ಟರೂ ಇನ್ನೂ 26 ಉಳಿಯುತ್ತೆ, ಅದರಲ್ಲಿ ಕೀರವಾಣಿ, ಚಾರುಕೇಶಿ, ಷಣ್ಮುಖಪ್ರಿಯ, ಸಿಂಹೇಂದ್ರಮಧ್ಯಮ ಎಲ್ಲ ಇವೆ. ದಿನಾ ಹಾಡೋ ರಾಗಗಳು ರೀ! ಮೊದಲನೇ ಮೇಳ ಕನಕಾಂಗಿಯಂತೂ ಕೇಳಲೇಬೇಡಿ, ಸಿ ಷಡ್ಜ ಅಂದ್ರೂ ಡಬಲ್ ಫ್ಲಾಟ್ ಎರಡು ಬೇಕು.

ಪೇಡಾ ನಗರ:

ಅಲ್ರೀ ಸುಬ್ಬಿ ಅವರ, ನಮ್ಮ ಕಡೆನೂ ಇದೇ ಹಣೆಬರಹ. ಹಿಂದೂಸ್ತಾನಿಯೊಳಗ ಭಾತಖಂಡೆಯವರ 10 ಥಾಟ್ (ನಿಮ್ಮ ಮೇಳ ಇದ್ದಂಗ) ತಗೊಳ್ರಿ. ಬಿಲಾವಲ್, ಕಲ್ಯಾಣ್, ಖಮಾಜ್, ಕಾಫಿ, ಆಸಾವರಿ, ಭೈರವಿ, ಈ ಆರೂ ಮಾಮೂಲಿ ಸಿಗ್ನೇಚರ್‌ನಲ್ಲಿ ಬರ್ತಾವ. ಭೈರವ್, ಪೂರ್ವಿ, ಮಾರ್ವಾ, ತೋಡಿ (ನಮ್ಮ ತೋಡಿ, ನಿಮ್ಮದಲ್ಲ), ಈ ನಾಲ್ಕು ಬರೂದಿಲ್ಲ. ನೀವು ಹೇಳಿದ ಆರೂ ನಮ್ಮ ಆರೂ ಒಂದೇ, ಹೆಸರು ಬ್ಯಾರೆ ಅಷ್ಟ.

ಧಾರವಾಡದಾಗ ನಾ ಕಲಿತದ್ದು ಭಾತಖಂಡೆ ಪದ್ಧತಿ. ಅದರಾಗ ಸಿಗ್ನೇಚರ್ ಅನ್ನೂ ಗೊಡವೆನೇ ಇಲ್ಲ. ಕೋಮಲ ಸ್ವರಕ್ಕ ಕೆಳಗ ಒಂದು ಅಡ್ಡಗೆರೆ, ತೀವ್ರ ಮಧ್ಯಮಕ್ಕ ಮ್ಯಾಲೆ ಒಂದು ಉದ್ದಗೆರೆ. ಪ್ರತಿ ಸ್ವರಕ್ಕೂ ಅದರ ಗುರುತು ಅದರ ಮೈಮ್ಯಾಲೇ ಇರತದ. ಬರೆಯೂದು ಬೇಸರ, ಓದೂದು ಸುಲಭ.

ಸರಳೆ ಸುಬ್ಬಿ:

ನಮ್ಮಲ್ಲಿ ಅದೂ ಇಲ್ಲ. ಪುಸ್ತಕದ ತಲೆಯಲ್ಲಿ ರಾಗ, ಎಷ್ಟನೇ ಮೇಳದ ಜನ್ಯ, ಆರೋಹಣ ಅವರೋಹಣ, ತಾಳ. ಆಮೇಲೆ ಬರೀ ಸ ರಿ ಗ ಮ. ಯಾವ ರಿ, ಯಾವ ಗ ಅಂತ ಒಂದು ಚುಕ್ಕಿಯೂ ಇರೋದಿಲ್ಲ. ರಾಗದ ಹೆಸರೇ ನಮ್ಮ ಕೀ ಸಿಗ್ನೇಚರ್.

ಎಡಿಸನ್ ಅಪ್ಪ:

ನ್ಯೂಜೆರ್ಸಿಯಿಂದ. ಮಗಳು ಪಿಯಾನೊ ಕಲೀತಿದ್ದಾಳೆ. ಅವಳ ಟೀಚರ್ ಹಂಗೇರಿಯ ಕಂಪೋಸರ್ ಬಾರ್ಟೋಕ್ ಬರೆದ ಮೈಕ್ರೊಕಾಸ್ಮಾಸ್ ಕೊಟ್ಟರು. 153 ಪುಟ್ಟ ಪುಟ್ಟ ತುಣುಕು, ಆರು ಸಂಪುಟ, 1926ರಿಂದ 1939ರವರೆಗೆ ಬರೆದದ್ದು. ಮೊದಲ ಎರಡು ಸಂಪುಟ ತನ್ನ ಮಗ ಪೀಟರ್‌ಗೆ ಅರ್ಪಣೆ. ಅದರ 10ನೇ ಪಾಠ ತೆರೆದರೆ ಸಿಗ್ನೇಚರ್‌ನಲ್ಲಿ ಎ ಫ್ಲಾಟ್ ಒಂದೇ ಒಂದು ಕೂತಿದೆ. ನಾನು ಅಚ್ಚಿನ ತಪ್ಪು ಅಂದುಕೊಂಡೆ! ಬಿ ಫ್ಲಾಟ್ ಹಾಕೋಕೆ ಹೋಗಿ ಕೈ ಜಾರಿದೆ ಅಂತ ಪೆನ್ಸಿಲ್ ತಗೊಂಡು ತಿದ್ದಿಯೂ ಬಿಟ್ಟೆ. ಮಾರನೇ ವಾರ ಟೀಚರ್ ನೋಡಿ, ತಿದ್ದಿದವರು ಯಾರು ಅಂತ ಕೇಳಿದರಂತೆ. ಮಗಳು ನನ್ನ ಹೆಸರು ಹೇಳಿಬಿಟ್ಟಳು.

ವಿಷಯ ಏನಂದ್ರೆ ಮಗಳಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ಅವಳಿಗೆ ಆಗಿನ್ನೂ ಎಣಿಸೋ ಚಟ ಹತ್ತಿರಲಿಲ್ಲ. ಎ ಗೆರೆ ಮೇಲೆ ಫ್ಲಾಟ್ ಇದೆ, ಎ ಫ್ಲಾಟ್ ನುಡಿಸು, ಅಷ್ಟೇ. ಬಾರ್ಟೋಕ್ ಬೇಕು ಅಂತಲೇ ಮಕ್ಕಳ ಪುಸ್ತಕದಲ್ಲಿ ಇದನ್ನ ಇಟ್ಟಿರಬೇಕು ಅಂತ ನನ್ನ ಅನಿಸಿಕೆ. ಊರೂರು ತಿರುಗಿ ಜನಪದ ಹಾಡು ಫೋನೋಗ್ರಾಫ್‌ನಲ್ಲಿ ಹಿಡಿದುಕೊಂಡು ಬಂದ ಮನುಷ್ಯ. ಆ ಹಾಡುಗಳು ಮೇಜರ್ ಮೈನರ್ ಕೇಳಿಕೊಂಡು ಹುಟ್ಟಿದವಲ್ಲ.

ಏಳು ಶಾರ್ಪ್:

ಬಾರ್ಟೋಕ್ ಅಂದ ಮೇಲೆ 1908ರ ಬ್ಯಾಗಟೆಲ್‌ಗಳಲ್ಲಿ (ಪುಟ್ಟ ಪಿಯಾನೊ ತುಣುಕುಗಳು) ಮೊದಲನೆಯದು ನೋಡಿ. ಬಲಗೈಗೆ ನಾಲ್ಕು ಶಾರ್ಪ್, ಎಡಗೈಗೆ ನಾಲ್ಕು ಫ್ಲಾಟ್. ಒಂದೇ ಪಿಯಾನೊ, ಒಬ್ಬನೇ ಮನುಷ್ಯ. ಎಷ್ಟೋ ವರ್ಷದ ಮೇಲೆ ಅವರೇ ಅದನ್ನು ಅರ್ಧ ತಮಾಷೆಗೆ ಮಾಡಿದ್ದು ಅಂತ ಹೇಳಿಕೊಂಡರು, ಇಂಥ ಹೊಸ ಸಂಗೀತಕ್ಕೆ ಕೀ ಸಿಗ್ನೇಚರ್ ಹಾಕೋದು ಎಷ್ಟು ಅಸಂಬದ್ಧ ಅಂತ ತೋರಿಸೋಕೆ. ಅದೇ 1908ರಲ್ಲಿ ವಿಯೆನ್ನಾದ ಕಂಪೋಸರ್ ಶೋಯೆನ್‌ಬರ್ಗ್ ತನ್ನ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ ಮುಗಿಸಿದರು, ಅದರ ಕೊನೇ ಭಾಗಕ್ಕೆ ಸಿಗ್ನೇಚರೇ ಇಲ್ಲ. ಒಬ್ಬರು ಎರಡೆರಡು ಹಾಕಿದರು, ಇನ್ನೊಬ್ಬರು ಕಿತ್ತೇ ಹಾಕಿದರು.

ತಂಬೂರಿ ತಾತ:

ಇಷ್ಟೆಲ್ಲ ಯಾಕಪ್ಪ? ಗಮಕ (ಸ್ವರದ ಓಲಾಟ) ಇಲ್ಲದೆ ಪಿಯಾನೊ ಕೀಲಿ ಕುಟ್ಟಿದ ಹಾಗೆ ನುಡಿಸಿದರೆ ಅದು ಮಲಹರಿಯೇ ಅಲ್ಲ. ಶಾರ್ಪ್ ಎಲ್ಲಿ ಹಾಕಿದರೂ ಒಂದೇ.

ಅರ್ಧ ಪಿಟೀಲು:

ತಾತ, ಒಪ್ಪಿದೆ. ಆದರೆ ಎಂಟು ವರ್ಷದ ಮಕ್ಕಳು, ಗೀತೆ. ಸದ್ಯಕ್ಕೆ ರಿಷಭ ರಿಷಭದ ಜಾಗದಲ್ಲಿ ಬಂದರೆ ಸಾಕಾಗಿದೆ ನನಗೆ.

ಬರ್ಲಿನ್ ಬೇವು:

ಇಲ್ಲಿ ನಮ್ಮ ಬೀದಿಯಲ್ಲಿ ಟರ್ಕಿಯವರು ಜಾಸ್ತಿ. ಪಕ್ಕದ ಮನೆಯವರು ಊದ್ ಅನ್ನೋ ತಂತಿವಾದ್ಯ ನುಡಿಸ್ತಾರೆ. ಅವರ ಹಾಳೆ ನೋಡಿದರೆ ನಿಮ್ಮ ಎರಡು ಫ್ಲಾಟ್ ಎರಡು ಶಾರ್ಪ್ ಏನೇನೂ ಅಲ್ಲ. ಟರ್ಕಿಯ ಮಕಾಮ್ (ಅವರ ರಾಗ ಅನ್ನಿ) ಸಂಗೀತ ಸ್ಟಾಫ್‌ನಲ್ಲೇ ಬರೀತಾರೆ, ಆದರೆ ಒಂದು ಪೂರ್ಣ ಸ್ವರವನ್ನು 9 ಕೊಮಾ ಅಂತ ಭಾಗ ಮಾಡಿ, 1, 4, 5, 8 ಕೊಮಾಗಳಿಗೆ ಬೇರೆ ಬೇರೆ ಆಕಾರದ ಶಾರ್ಪ್, ಫ್ಲಾಟ್ ಇಟ್ಟುಕೊಂಡಿದ್ದಾರೆ. ರಾಸ್ತ್ ಮಕಾಮ್‌ಗೆ ಬಿ ಮೇಲೆ ಒಂದೇ ಕೊಮಾ ಇಳಿಸೋ ಫ್ಲಾಟ್, ಜೊತೆಗೆ ಎಫ್ ಶಾರ್ಪ್. ಹಿಜಾಜ್‌ನಲ್ಲೂ ಫ್ಲಾಟ್, ಶಾರ್ಪ್ ಒಟ್ಟಿಗೇ. ಅಲ್ಲಿ ಅದು ಮಾಮೂಲಿ ಸಿಗ್ನೇಚರ್. ವಿಚಿತ್ರ ಅಂದ್ರೆ ಅವರಿಗೆ ಅರ್ಥವೇ ಆಗಲ್ಲ.

ಹಾಗೇ ಪೂರ್ವ ಯುರೋಪಿನ ಯಹೂದಿಗಳ ಕ್ಲೆಜ್‌ಮರ್ ಸಂಗೀತ. ಅದರಲ್ಲಿ ಫ್ರೈಗಿಶ್ ಅಂತ ಒಂದು ಮಟ್ಟು ಇದೆ. ಡಿ ಇಂದ ಶುರು ಮಾಡಿದರೆ ಡಿ, ಇ ಫ್ಲಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲಾಟ್, ಸಿ. ನಮ್ಮ ವಕುಳಾಭರಣ, 14ನೇ ಮೇಳ. ಕೆಲವರು ಬಿ ಫ್ಲಾಟ್, ಇ ಫ್ಲಾಟ್, ಎಫ್ ಶಾರ್ಪ್ ಮೂರನ್ನೂ ಸಿಗ್ನೇಚರ್‌ನಲ್ಲೇ ಹಾಕ್ತಾರೆ. ಎಬಿಸಿ ನೊಟೇಶನ್ ಅಂತ ಟೈಪ್ ಮಾಡಿ ಬರೆಯೋ ಪದ್ಧತಿ ಇದೆಯಲ್ಲ, ಅದರ ನಿಯಮಾವಳಿಯಲ್ಲೇ ಇದರ ಉದಾಹರಣೆ ಇದೆ: ಡಿ ಫ್ರಿಜಿಯನ್ (ಡಿ ಷಡ್ಜದ ನಮ್ಮ ತೋಡಿಯ ಸ್ವರಗಳು, ಎರಡು ಫ್ಲಾಟ್) ಅಂತ ಬರೆದು ಪಕ್ಕಕ್ಕೆ ಎಫ್ ಶಾರ್ಪ್ ಸೇರಿಸಬಹುದು. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್‌ಗೂ ಅದರಲ್ಲಿ ಬೇರೆ ಗುರುತೇ ಇದೆ. ಆ ವಾದ್ಯಕ್ಕೆ ಇರೋದೇ ಒಂಬತ್ತು ಸ್ವರ. ಎಫ್ ಮತ್ತು ಸಿ ಹೇಗಿದ್ದರೂ ಶಾರ್ಪ್ ಆಗಿಯೇ ಬರುತ್ತೆ, ಹಾಗಾಗಿ ಎಷ್ಟೋ ಹಾಳೆಗಳಲ್ಲಿ ಸಿಗ್ನೇಚರ್ ಹಾಕೋದೇ ಇಲ್ಲ. ಹಾಕಿ ಏನು ಪ್ರಯೋಜನ, ಬೇರೆ ಸ್ವರ ಬೇಕು ಅಂದ್ರೂ ಬರಲ್ಲ!

ಬ್ಯಾಂಡ್ ಮನೆ ಮೊಮ್ಮಗ:

ನಮ್ಮ ತಾತ ಮೈಸೂರಲ್ಲಿ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸ್ತಿದ್ದರು. ಅಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ. ತಾತ ಎರಡನೆಯದು. ಅವರ ಪುಸ್ತಕ ಇನ್ನೂ ಮನೆಯಲ್ಲಿದೆ, ಕನ್ನಡದಲ್ಲಿ ಸರಿಗಮ, ಪೆನ್ಸಿಲ್‌ನಲ್ಲಿ ತಾಳದ ಗೆರೆ. ಶಾರ್ಪ್ ಫ್ಲಾಟ್ ಒಂದೂ ಇಲ್ಲ. ಯಾವ ಕೀಲಿ ಒತ್ತಬೇಕು ಅಂತ ರಾಗದ ಹೆಸರು ನೋಡಿದ ತಕ್ಷಣ ಬೆರಳಿಗೆ ಗೊತ್ತಿತ್ತು. ಅದಕ್ಕೇ ಕೇಳ್ತಿದ್ದೀನಿ, ಅಂಕಲ್‌ಗೆ ಹತ್ತು ನಿಮಿಷ ಕೂತು ಆರೋಹಣ ಅವರೋಹಣ ಕಲಿಸಿದರೆ ಆಗಲ್ವಾ?

ಇನ್ನೊಂದು. ನೀವು ಸಿ ಶಾರ್ಪ್ ಯಾಕೆ ಹಾಕಿದ್ರಿ? ಮಲಹರಿಯಲ್ಲಿ ನಿಷಾದವೇ ಇಲ್ಲವಲ್ಲ! ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ.

ಅರ್ಧ ಪಿಟೀಲು:

ಅಯ್ಯೋ! ಹೌದಲ್ವಾ. ಇಷ್ಟು ಜನ ಓದಿದರೂ, ನಾನು ನೂರು ಸಲ ಹಾಡಿದ್ದರೂ ಹೊಳೀಲಿಲ್ಲ. ಮೇಳ ನೋಡಿ ಹಾಕಿದೆ, ರಾಗ ನೋಡಲೇ ಇಲ್ಲ.

ಬರ್ಲಿನ್ ಬೇವು:

ಒಂದು ನಿಮಿಷ ತಡೀರಿ. ನಿಷಾದ ತೆಗೆದರೆ ಡಿ ಷಡ್ಜದ ಮಲಹರಿಗೆ ಉಳಿಯೋದು ಬಿ ಫ್ಲಾಟ್, ಇ ಫ್ಲಾಟ್, ಎಫ್ ಶಾರ್ಪ್. ಅಂದ್ರೆ ಮೇಲೆ ನಾನು ಹೇಳಿದ ಕ್ಲೆಜ್‌ಮರ್ ಸಿಗ್ನೇಚರೇ! ಹಾಳೆಯ ತಲೆ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಅವರು ಸಿ ನ್ಯಾಚುರಲ್ ನುಡಿಸ್ತಾರೆ, ನಾವು ಸಿ ನುಡಿಸೋದೇ ಇಲ್ಲ.

ಏಳು ಶಾರ್ಪ್:

ಚೆನ್ನಾಗಿದೆ, ಆದರೆ ಕ್ಲಾರಿನೆಟ್ ಕಥೆ ಇನ್ನೂ ಕೆಟ್ಟಿತು ನೋಡಿ. ಒಂದು ಸ್ವರ ಮೇಲೆ ಹೋದರೆ ಇ, ಎಫ್, ಜಿ ಶಾರ್ಪ್, ಎ, ಬಿ, ಸಿ. ಸಿಗ್ನೇಚರ್‌ನಲ್ಲಿ ಜಿ ಶಾರ್ಪ್ ಒಂದೇ. ಅಂಕಲ್ ಅದನ್ನ ಒಂದು ಶಾರ್ಪ್ ಅಂತ ಎಣಿಸಿ ಎಫ್ ಶಾರ್ಪ್ ನುಡಿಸ್ತಾರೆ, ಜಿ ಹಾಗೇ ಬಿಡ್ತಾರೆ. ಆಗ ಬರೋದು ನಟಭೈರವಿ ಥರ. ಹೋದ ವಾರ ಖರಹರಪ್ರಿಯ, ಈ ವಾರ ನಟಭೈರವಿ. ನಿಮ್ಮ ಅತ್ತೆಗೆ ಪೂರ್ತಿ ಕಛೇರಿ.

ಸೀರಿಯಸ್ಸಾಗಿ ಹೇಳ್ತೀನಿ, ಇದಕ್ಕೆ ವೆಸ್ಟರ್ನ್‌ನವರೇ ಹಳೇ ದಾರಿ ಮಾಡಿಟ್ಟಿದ್ದಾರೆ. ಹಾರ್ಮೋನಿಕ್ ಮೈನರ್ ಅಂದ್ರೆ ನಮ್ಮ ಕೀರವಾಣಿ. ಎ ಮೈನರ್‌ನಲ್ಲಿ ಜಿ ಶಾರ್ಪ್ ಪದೇ ಪದೇ ಬರುತ್ತೆ. ಆದರೂ ಅದನ್ನ ಸಿಗ್ನೇಚರ್‌ಗೆ ಸೇರಿಸೋದಿಲ್ಲ, ಬಂದಾಗಲೆಲ್ಲ ಸ್ವರದ ಪಕ್ಕ ಆಕ್ಸಿಡೆಂಟಲ್ ಹಾಕ್ತಾರೆ. ಬಾಖ್ ಕಾಲದಿಂದ ಹಾಗೇ ನಡೆದಿದೆ, ಕೈಗೆ ನೋವಾದರೂ ಸರಿ. ಸಿಗ್ನೇಚರ್ ಪೂರ್ತಿ ನಿಜ ಹೇಳಬೇಕು ಅಂತ ಅಲ್ಲೂ ಯಾರೂ ಹಟ ಹಿಡಿದಿಲ್ಲ. ಬಾಖ್‌ರ ಟೊಕಾಟಾ ಒಂದಿದೆ, ಅವರ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯುವಿ 538. ಇರೋದು ಡಿ ಮೈನರ್‌ನಲ್ಲಿ, ಆದರೆ ಸಿಗ್ನೇಚರ್ ಖಾಲಿ, ಬಿ ಫ್ಲಾಟ್ ಬೇಕಾದಲ್ಲೆಲ್ಲ ಕೈಯಲ್ಲಿ ಬರೆದದ್ದು. ಆ ಖಾಲಿ ಸಿಗ್ನೇಚರ್ ನೋಡಿಯೇ ಜನ ಅದಕ್ಕೆ ಡೋರಿಯನ್ ಅಂತ ಅಡ್ಡಹೆಸರು ಇಟ್ಟರು. ಡೋರಿಯನ್ ಮೋಡ್‌ಗೂ (ಡಿ ಇಂದ ಶಾರ್ಪ್, ಫ್ಲಾಟ್ ಏನೂ ಇಲ್ಲದ ಮಟ್ಟು, ನಮ್ಮ ಖರಹರಪ್ರಿಯ) ಅದಕ್ಕೂ ಹೇಳಿಕೊಳ್ಳೋ ಸಂಬಂಧ ಇಲ್ಲ.

ಹಾಗಾಗಿ ನನ್ನ ಸಲಹೆ: ವಯೊಲಿನ್, ಚೆಲ್ಲೊಗೆ ಮಾಮೂಲಿ ಎರಡು ಫ್ಲಾಟ್ ಹಾಕಿ. ಕ್ಲಾರಿನೆಟ್‌ಗೆ ಏನೂ ಬೇಡ. ಗಾಂಧಾರ ಬಂದಾಗ ಮಾತ್ರ ಪಕ್ಕದಲ್ಲಿ ಶಾರ್ಪ್. ಮಲಹರಿಯಲ್ಲಿ ಗಾಂಧಾರ ಇಳಿಯುವಾಗ ಮಾತ್ರ ತಾನೇ ಬರೋದು? ಮ ಗ ರಿ ಸ ಬಂದ ಕಡೆ ಒಂದೊಂದು ಶಾರ್ಪ್, ಮುಗೀತು.

ಸರಳೆ ಸುಬ್ಬಿ:

ಒಪ್ಪಲ್ಲ. ಎರಡು ಫ್ಲಾಟ್, ಜೊತೆಗೆ ಎಫ್ ಶಾರ್ಪ್ ಆಕ್ಸಿಡೆಂಟಲ್ ಅಂದ್ರೆ ವೆಸ್ಟರ್ನ್ ಓದಿದ ಮಕ್ಕಳಿಗೆ ಅದು ಜಿ ಮೈನರ್. ಜಿ ಮೇಲೆ ಹೋಗಿ ನಿಲ್ಲಬೇಕು ಅಂತ ಕಿವಿ ಕಾಯುತ್ತೆ. ಷಡ್ಜ ಎಲ್ಲಿದೆ ಅನ್ನೋದೇ ತಪ್ಪಿಹೋಗುತ್ತೆ. ಅಂತರ ಗಾಂಧಾರ (ಆ ಎಫ್ ಶಾರ್ಪ್) ಈ ರಾಗದ ಜೀವ, ಅದನ್ನ ಆಕ್ಸಿಡೆಂಟ್ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಸಿಗ್ನೇಚರ್‌ನಲ್ಲಿ ಮೂರೂ ಇದ್ದರೆ ಇದು ಬೇರೆ ಲೋಕ ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತೆ.

ಏಳು ಶಾರ್ಪ್:

ಷಡ್ಜ ತಿಳಿಸೋಕೆ ತಂಬೂರಿ ಇದೆ ಅಲ್ವಾ, ಅದನ್ನೂ ಹಾಳೆಯೇ ಮಾಡಬೇಕಾ? ಸರಿ, ಭೈರವಿ ರಾಗಕ್ಕೆ ಏನು ಸಿಗ್ನೇಚರ್ ಹಾಕ್ತೀರಿ ಹೇಳಿ. ನಿಮ್ಮ ಭೈರವಿ, ಧಾರವಾಡದವರದ್ದಲ್ಲ. ಹತ್ತುವಾಗ ಚತುಶ್ರುತಿ ಧೈವತ, ಇಳಿಯುವಾಗ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಶುದ್ಧ ಧೈವತ.

ಸರಳೆ ಸುಬ್ಬಿ:

ಅದಕ್ಕೆ ಸಿಗ್ನೇಚರ್ ಸಾಲದು ಅಂತ ಒಪ್ಪಿಕೊಳ್ತೀನಿ. ಎರಡರಲ್ಲಿ ಒಂದನ್ನ ಪಕ್ಕದಲ್ಲೇ ಬರೀಬೇಕು. ಆದರೆ ಮಲಹರಿಗೆ ಸಾಕಾಗುತ್ತಲ್ಲ, ಸಾಕಾಗೋ ಕಡೆ ಹಾಕಿ ಅಂತಿದ್ದೀನಿ.

ಪೇಡಾ ನಗರ:

ಇಬ್ಬರೂ ಜಗಳಾಡ್ರಿ, ನಾ ಚಾ ಕುಡದು ಬರ್ತೀನಿ.

ಎಡಿಸನ್ ಅಪ್ಪ:

ಜಗಳದ ನಡುವೆ ಒಂದು ಕಥೆ. ಜಾನ್ ಫೌಲ್ಡ್ಸ್ ಅಂತ ಇಂಗ್ಲೆಂಡಿನ ಕಂಪೋಸರ್. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಎ ವರ್ಲ್ಡ್ ರಿಕ್ವಿಯಮ್ ಬರೆದರು, 1923ರ ನವೆಂಬರ್ 11ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಆಯಿತು. ಅದರ ಕೊನೇ ಕಡೆ ಜಿ ಶಾರ್ಪ್ ಮೇಜರ್ ಬರುತ್ತೆ. ಎಲ್ಲರೂ ಎ ಫ್ಲಾಟ್ ಅಂತ ಬರೆದು ನಾಲ್ಕು ಫ್ಲಾಟ್‌ನಲ್ಲಿ ಮುಗಿಸೋ ಜಾಗ. ಈ ಪುಣ್ಯಾತ್ಮ ಆರು ಶಾರ್ಪ್, ಮೇಲೊಂದು ಎಫ್ ಡಬಲ್ ಶಾರ್ಪ್ ಹಾಕಿ ಎಂಟು ಶಾರ್ಪ್‌ನ ಸಿಗ್ನೇಚರ್ ಬರೆದೇ ಬಿಟ್ಟರು. ಏಳು ಶಾರ್ಪ್ ಅವರೇ, ನಿಮ್ಮನ್ನ ಒಂದರಲ್ಲಿ ಸೋಲಿಸಿದರು.

ಇದೇ ಫೌಲ್ಡ್ಸ್ ಹೆಂಡತಿ ಮಾಡ್ ಮೆಕಾರ್ಥಿ ಭಾರತದ ಸಂಗೀತ ಚೆನ್ನಾಗಿ ತಿಳಿದಿದ್ದವರು. 1935ರಲ್ಲಿ ಫೌಲ್ಡ್ಸ್ ಸಂಸಾರ ಸಮೇತ ಇಂಡಿಯಾಕ್ಕೆ ಬಂದರು, ದೆಹಲಿ ಆಕಾಶವಾಣಿಯಲ್ಲಿ ಕೆಲಸ ಮಾಡಿದರು, 1939ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ಬಂದು ತೀರಿಕೊಂಡರು. ಪಿಯಾನೊಗೆ ಮೋಡ್‌ಗಳಲ್ಲಿ (ನಮ್ಮ ಮೇಳದ ಥರದ ಸ್ವರಪಟ್ಟಿ) ಕೆಲವು ತುಣುಕು ಬರೆದಿದ್ದಾರೆ, ಒಂದು ತುಣುಕಿಗೆ ಒಂದೇ ಮೋಡ್, ಅದರಾಚೆ ಒಂದು ಸ್ವರವನ್ನೂ ಮುಟ್ಟೋದಿಲ್ಲ. ನಮ್ಮವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ, ಅಲ್ಲಿಯವರಿಗೆ ಅದು ಉಪವಾಸ ವ್ರತದ ಹಾಗೆ. ಅಂದ ಹಾಗೆ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಇತ್ತಲ್ಲ, ಅದಕ್ಕೆ ಮೊದಲು ಹಾರ್ಮೋನಿಯಂ ವಿರುದ್ಧ ಗಟ್ಟಿಯಾಗಿ ಬರೆದವರಲ್ಲಿ ಇವರೂ ಒಬ್ಬರು.

ತಂಬೂರಿ ತಾತ:

ಹಾಗಾದರೆ ಮನುಷ್ಯ ಒಳ್ಳೆಯವನು.

ಅರ್ಧ ಪಿಟೀಲು:

ನಿನ್ನೆ ಎರಡನೇ ಪ್ರಾಕ್ಟೀಸ್ ಆಯಿತು, ಬಂದು ಹೇಳ್ತೀನಿ ಅಂತ ಅಂದುಕೊಂಡಿದ್ದೆ.

ಎರಡೂ ಥರ ಪ್ರಿಂಟ್ ತೆಗೆದೆ. ಸುಬ್ಬಿಯವರ ಮೂರು ಗುರುತಿನ ಹಾಳೆ, ಏಳು ಶಾರ್ಪ್ ಅವರ ಎರಡು ಫ್ಲಾಟ್ ಹಾಳೆ. ಮಕ್ಕಳಿಗೆ ಮೊದಲು ಎರಡು ಫ್ಲಾಟ್‌ನದು ಕೊಟ್ಟೆ. ಸುಬ್ಬಿಯವರು ಹೇಳಿದ್ದೇ ಆಯಿತು, ಕೊನೇ ಸಾಲಿನಲ್ಲಿ ಡಿ ಮೇಲೆ ನಿಲ್ಲಿಸಿದರೆ ಒಬ್ಬಳು, ಆಂಟಿ ಇನ್ನೊಂದು ಸಾಲು ಇದೆಯಾ, ಮುಗಿದ ಹಾಗೆ ಅನ್ನಿಸ್ತಿಲ್ಲ ಅಂತ ಕೇಳಿದಳು. ಫೋನಿನಲ್ಲಿ ತಂಬೂರಿ ಹಾಕಿದ ಮೇಲೆ ಆ ತೊಂದರೆ ಹೋಯಿತು. ಆಮೇಲೆ ಮೂರು ಗುರುತಿನದು ಕೊಟ್ಟೆ. ದೊಡ್ಡ ಹುಡುಗ ಎರಡು ಸಲ ಎಡವಿದ, ಅವನು ಗ್ರೇಡ್ ಪರೀಕ್ಷೆಗೆಲ್ಲ ಕೂತಿದ್ದಾನೆ. ಚಿಕ್ಕವರು ಮೂವರೂ ಆರಾಮಾಗಿ ಓದಿದರು. ಎಡಿಸನ್ ಅಪ್ಪ ಹೇಳಿದ ಹಾಗೇ.

ಕ್ಲಾರಿನೆಟ್‌ಗೆ ಮಾತ್ರ ಮಾತೇ ಇಲ್ಲ, ಖಾಲಿ ಸಿಗ್ನೇಚರ್, ಜಿ ಪಕ್ಕದಲ್ಲಿ ಶಾರ್ಪ್. ಜಿ ಶಾರ್ಪ್ ಒಂದೇ ಇರೋ ಹಾಳೆ ಒಂದು ಸಲ ಸುಮ್ನೆ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿ, ಇದು ಪ್ರಿಂಟ್ ಮಿಸ್ಟೇಕ್ ಅಲ್ವಾಮ್ಮ ಅಂದರು. ಬಾರ್ಟೋಕ್ ಕಥೆ ಹೇಳಿದೆ. ಹಾಗಾದರೆ ಬಾರ್ಟೋಕ್‌ಗೇ ಕೊಡು ಅಂದರು.

ಬ್ಯಾಂಡ್ ಮನೆ ಮೊಮ್ಮಗ:

ಆರೋಹಣ ಅವರೋಹಣ ಕಲಿಸಿದ್ರಾ?

ಅರ್ಧ ಪಿಟೀಲು:

ಅತ್ತೆ ಕಲಿಸಿದರು. ಹತ್ತು ನಿಮಿಷ ಅಂದಿದ್ರಿ, ಮುಕ್ಕಾಲು ಗಂಟೆ ಆಯಿತು, ಮಧ್ಯೆ ಎರಡು ಸಲ ಕಾಫಿ. ಈಗ ಅಂಕಲ್ ಹಾಳೆಯ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ನಿ ಇಲ್ಲ, ಹತ್ತುವಾಗ ಗ ಇಲ್ಲ ಅಂತ ಬರೆದುಕೊಂಡಿದ್ದಾರೆ. ಮುಂದಿನ ವರ್ಷಕ್ಕೆ ದಯವಿಟ್ಟು ಶಂಕರಾಭರಣ ಹಾಕಮ್ಮ ಅಂತ ಈಗಲೇ ಅರ್ಜಿ ಕೊಟ್ಟಿದ್ದಾರೆ.